ಎಕ್ಕದ ಗಿಡ, ಕಾವಲಿನ ಚಿಟ್ಟೆ



ಕನ್ನಡದ ಬೈಗುಳಗಳಲ್ಲಿ ‘ಎಕ್ಕುಟ್ಟಿ ಹೋಗು’ ಎಂಬುದೊಂದು. ಹಳ್ಳಿಯ ಮುದುಕಿಯರ ಬಾಯಲ್ಲಿ ಅದು ಶಾಪವೂ ಹೌದು, ಕೆಲವೊಮ್ಮೆ ಸಲಿಗೆಯ ಮಾತೂ ಹೌದು. ಬಿಡಿಸಿ ಹೇಳುವುದಾದರೆ ‘ಎಕ್ಕ ಹುಟ್ಟಿ ಹೋಗು’: ನಿನ್ನ ಮನೆ ಬಿದ್ದು, ಒಲೆ ಆರಿ, ಆ ಹಾಳುನೆಲದಲ್ಲಿ ಎಕ್ಕದ ಗಿಡ ಹುಟ್ಟಲಿ ಎಂದು ಅದರ ಅರ್ಥ. ಹೀಗೆ ಶಪಿಸಿದವರು ಸಸ್ಯಶಾಸ್ತ್ರ ಓದಿದವರಲ್ಲ. ಆದರೆ ಎಕ್ಕ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಸರಿಯಾಗಿ ಕಂಡವರು. ಮನುಷ್ಯ ಕೈಬಿಟ್ಟ ನೆಲ, ದನ ತುಳಿದು ಬೋಳಾದ ನೆಲ, ರಸ್ತೆಯ ಅಂಚು, ರೈಲುಹಳಿಯ ಬದಿ, ಇವೇ ಅದರ ತವರು. ಈ ಹೊತ್ತು ನಾನು ಹೇಳಹೊರಟಿರುವುದು ಆ ಎಕ್ಕವನ್ನೇ ನಂಬಿ ಬದುಕುವ ಒಂದು ಚಿಟ್ಟೆಯ ಸಂಗತಿಯನ್ನು. ನಾನು ಪ್ರಾಣಿಶಾಸ್ತ್ರದವನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನಲ್ಲಿ ಓಡಾಡುವವನಿಗೆ ಈ ಚಿಟ್ಟೆ ಕಣ್ಣಿಗೆ ಬೀಳದಿರುವುದಿಲ್ಲ. ಕಣ್ಣಿಗೆ ಬಿದ್ದದ್ದರ ಬಗೆಗೆ ಓದದೆ ಇರುವುದು ಮೇಷ್ಟರಿಗೆ ಕಷ್ಟ.

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕೇಳುಗರ ಮನಸ್ಸಿನಲ್ಲಿ ಮೂಡುವುದು ಕಾಫಿಯ ತೋಟ, ಬಾಬಾಬುಡನ್ ಗಿರಿಯ ಮಂಜು. ಆ ಗಿರಿಯ ಪೂರ್ವಕ್ಕೆ ಇಳಿದರೆ ಬೇರೆಯದೇ ನಾಡು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು ಎಂಬುದನ್ನು ಇಂದು ನೆನೆಯುವವರು ಕಡಿಮೆ. ಕಡೂರಿನಿಂದ ಬೀರೂರಿಗೆ ಬಂದರೆ ರೈಲುದಾರಿ ಎರಡಾಗುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಮತ್ತೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ. ಮೊದಲನೆಯ ದಾರಿಯಲ್ಲಿ ಹೊರಟವರಿಗೆ ಮಲೆನಾಡಿನ ಸೆರಗು ಬೇಗ ಕಾಣಿಸಿಕೊಳ್ಳುತ್ತದೆ. ತರೀಕೆರೆಯ ಒಂದು ಕಾಲು ಲಕ್ಕವಳ್ಳಿಯ ಕಾಡಿನಲ್ಲಿ, ಇನ್ನೊಂದು ಕಾಲು ಬಯಲಿನಲ್ಲಿ. ಎರಡನೆಯ ದಾರಿಯಲ್ಲಿ ಮಾತ್ರ ಮರ ವಿರಳವಾಗುತ್ತ, ಆಕಾಶ ದೊಡ್ಡದಾಗುತ್ತ, ಜಾಲಿ, ತಂಗಡಿ, ಗರಿಕೆಗಳ ಹರಹು ತೆರೆದುಕೊಳ್ಳುತ್ತದೆ. ಕೆಲವೇ ವರ್ಷಗಳ ಹಿಂದೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕೆನಿಸಿದ ಅಜ್ಜಂಪುರ ಅಮೃತಮಹಲ್ ದನಗಳ ತಳಿ ಕೇಂದ್ರವಿರುವ ಊರು. ಆ ದನಗಳಿಗೆಂದೇ ಅರಸರ ಕಾಲದಲ್ಲಿ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಈ ಸೀಮೆಯಲ್ಲಿ ‘ಕಾವಲು’ ಎಂದು ಹೆಸರು. ಕಾಯ್ದ ನೆಲ ಕಾವಲು. ಹೆಸರಿನಲ್ಲಿಯೇ ಅದರ ಚರಿತ್ರೆ ಅಡಗಿದೆ.

ಈ ಬಯಲಿನ ಮೇಲೆ ವರ್ಷದ ಹನ್ನೆರಡು ತಿಂಗಳೂ, ಮಳೆ ಹಿಂದಾದ ಮೇಲೆ ಇನ್ನೂ ಹೆಚ್ಚಾಗಿ, ಹಾರುವುದು ನಮ್ಮ ಚಿಟ್ಟೆ. ರೆಕ್ಕೆ ಬಿಚ್ಚಿದರೆ ಅಂಗೈ ಅಗಲ ಬರುವುದಿಲ್ಲ, ಏಳೆಂಟು ಸೆಂಟಿಮೀಟರ್ ಅಷ್ಟೆ. ಮೈಬಣ್ಣ ಕಾವಿಗೂ ಕಿತ್ತಳೆಗೂ ನಡುವಣದು. ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನಲ್ಲಿ ಓರೆಯಾಗಿ ಒಂದು ಬಿಳಿಯ ಪಟ್ಟಿ. ಇಂಗ್ಲಿಷಿನವರು ಇದನ್ನು ‘ಪ್ಲೇನ್ ಟೈಗರ್’ ಎಂದು ಕರೆದರು. ಹುಲಿಯ ಬಣ್ಣವುಂಟು, ಪಟ್ಟೆಯ ಆಡಂಬರವಿಲ್ಲ ಎಂದು ಅವರ ಭಾವನೆಯಿದ್ದೀತು. 1758ರಲ್ಲಿ ಲಿನೇಯಸ್ ಇದಕ್ಕೆ ‘ಕ್ರಿಸಿಪ್ಪಸ್’ ಎಂಬ ಹೆಸರನ್ನು ಕೊಟ್ಟ. ಇಂದು ಶಾಸ್ತ್ರಜ್ಞರು ‘ಡನಾಸ್ ಕ್ರಿಸಿಪ್ಪಸ್’ ಎನ್ನುತ್ತಾರೆ. ಅಮೆರಿಕದಲ್ಲಿ ಸಾವಿರಾರು ಮೈಲಿ ವಲಸೆ ಹೋಗುವ, ಜಗತ್ತಿನಲ್ಲೆಲ್ಲ ಹೆಸರಾದ ಮೊನಾರ್ಕ್ ಚಿಟ್ಟೆ ಇದರ ದಾಯಾದಿ. ಈ ಭಾಷಣದ ಮಟ್ಟಿಗೆ ನಾನು ಇದನ್ನು ಎಕ್ಕದ ಚಿಟ್ಟೆ ಎನ್ನುತ್ತೇನೆ. ನಮ್ಮ ರಾಜ್ಯದ ಚಿಟ್ಟೆ ಎಂಬ ಮರ್ಯಾದೆ ಸಂದಿರುವುದು ಮಲೆಯ ಕಾಡಿನ ದೊಡ್ಡ ಚಿಟ್ಟೆಗೆ, ಸದರ್ನ್ ಬರ್ಡ್‌ವಿಂಗಿಗೆ. ಬಯಲಿನವರಿಗೆ ಇಂಥ ವಿಷಯಗಳಲ್ಲಿ ಪಂಕ್ತಿಯ ಕೊನೆಯ ಎಲೆಯೇ ಗತಿ.

ಚಿಟ್ಟೆಯ ಮನೆ ಯಾವುದು ಎಂದು ಕೇಳಿದರೆ ನಾವು ಹೂವು ಎನ್ನುತ್ತೇವೆ. ಕವಿಗಳು ನಮಗೆ ಹಾಗೆ ಕಲಿಸಿದ್ದಾರೆ. ಹೂವು ಚಿಟ್ಟೆಗೆ ಛತ್ರವಿದ್ದಂತೆ. ಉಂಡು ಹೋಗುವ ಜಾಗ. ಮನೆ ಎನ್ನಬೇಕಾದದ್ದು ಎಲೆಯನ್ನು, ಅದರಲ್ಲಿಯೂ ಹುಳುವಾಗಿದ್ದಾಗ ತಿನ್ನುವ ಎಲೆಯನ್ನು. ಬೆಳೆದ ಚಿಟ್ಟೆ ರೋಜ, ಚೆಂಡುಹೂವು ಯಾವುದಾದರೇನು ಎಂದು ಮಧು ಹೀರುತ್ತದೆ. ಅದರ ಮಗು ಅಷ್ಟು ಧಾರಾಳಿಯಲ್ಲ. ಎಕ್ಕ ಮತ್ತು ಎಕ್ಕದ ಬಳಗದ ಹಾಲುಬರುವ ಕೆಲವು ಗಿಡಬಳ್ಳಿಗಳನ್ನು ಬಿಟ್ಟು ಬೇರೊಂದನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಹೆಣ್ಣು ಚಿಟ್ಟೆ ಮೊಟ್ಟೆಯಿಡುವ ಮುನ್ನ ಗಿಡದಿಂದ ಗಿಡಕ್ಕೆ ಹಾರಿ, ಎಲೆಯ ಮೇಲೆ ಕುಳಿತು, ಕಾಲಿನಿಂದ ತಡವಿ ರುಚಿ ನೋಡುತ್ತದೆ. ಚಿಟ್ಟೆಗೆ ರುಚಿಯರಿಯುವ ಶಕ್ತಿ ಕಾಲಿನಲ್ಲಿಯೂ ಇದೆ. ಇದು ಎಕ್ಕವೇ ಎಂದು ಖಾತ್ರಿಯಾದ ಮೇಲೆ ಎಲೆಯ ಹಿಂಬದಿಗೆ ಬಾಲವನ್ನು ಬಾಗಿಸಿ ಒಂದು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಒಂದು ಜಾಗಕ್ಕೆ ಒಂದೇ ಮೊಟ್ಟೆ. ಇನ್ನೊಂದನ್ನು ಇಡುವುದು ಬೇರೆ ಎಲೆಯಲ್ಲಿ, ಬಹಳ ವೇಳೆ ಬೇರೆ ಗಿಡದಲ್ಲಿ.

ಮೊಟ್ಟೆ ಸಾಸಿವೆ ಕಾಳಿಗಿಂತ ಚಿಕ್ಕದು, ಬೆಳ್ಳಿಯ ಬಿಳುಪಿನದು, ಉದ್ದಕ್ಕೂ ಗೀರು ಬಿದ್ದು ಗೋಪುರದಂತೆ ತುದಿ ಕಿರಿದಾದುದು. ಮೂರು ನಾಲ್ಕು ದಿನಗಳಲ್ಲಿ ಅದರಿಂದ ಹುಳು ಹೊರಬೀಳುತ್ತದೆ. ಅದರ ಮೊದಲ ಊಟ ತಾನು ಹೊರಬಂದ ಮೊಟ್ಟೆಯ ಚಿಪ್ಪು. ಆಮೇಲೆ ಎಲೆ. ಆದರೆ ಎಕ್ಕದ ಎಲೆ ಸುಮ್ಮನೆ ತಿನ್ನಿಸಿಕೊಳ್ಳುವ ಎಲೆಯಲ್ಲ. ಚಿವುಟಿದರೆ ಹಾಲು ಚಿಮ್ಮುತ್ತದೆ. ಆ ಹಾಲು ಅಂಟು. ಎಳೆಯ ಹುಳುವಿನ ಬಾಯನ್ನು ಕಟ್ಟಿಬಿಡುವಷ್ಟು ಅಂಟು. ಹುಳು ಇದಕ್ಕೆ ಕಂಡುಕೊಂಡ ಉಪಾಯವನ್ನು ನಮ್ಮ ರೈತರು ನೋಡಿದರೆ ಮೆಚ್ಚಿಯಾರು. ಕಾಲುವೆಯ ತೂಬನ್ನು ಮೇಲೆ ಕಟ್ಟಿದರೆ ಕೆಳಗಿನ ಗದ್ದೆಗೆ ನೀರು ಬಾರದಷ್ಟೆ. ಹುಳುವೂ ಮೊದಲು ಎಲೆಯ ನರವನ್ನು ಮೇಲ್ಗಡೆ ಕಡಿದು, ಅಲ್ಲಿಂದ ಹಾಲು ಸುರಿದುಹೋಗಲು ಬಿಟ್ಟು, ಹಾಲು ಬತ್ತಿದ ಕೆಳಭಾಗವನ್ನು ನೆಮ್ಮದಿಯಾಗಿ ತಿನ್ನುತ್ತದೆ. ತೀರ ಚಿಕ್ಕದಾಗಿದ್ದಾಗ ತನ್ನ ಸುತ್ತ ದುಂಡಗೆ ಗೀರಿ, ಆ ವೃತ್ತದ ಒಳಗಿನದನ್ನಷ್ಟೇ ಮೇಯುವುದೂ ಉಂಟು.

ಈ ಹುಳುವಿಗೆ ಕಂಬಳಿಹುಳು ಎನ್ನುವಂತಿಲ್ಲ, ಮೈಮೇಲೆ ಕೂದಲಿಲ್ಲ. ನುಣ್ಣನೆಯ ಮೈಗೆ ಕಪ್ಪು, ಬಿಳಿ, ಹಳದಿಯ ಅಡ್ಡಪಟ್ಟೆಗಳು. ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಕೊಂಬುಗಳು: ಎರಡು ಜೊತೆ ಮುಂಭಾಗದಲ್ಲಿ, ಒಂದು ಜೊತೆ ಹಿಂದೆ. ಅವು ಚುಚ್ಚುವ ಕೊಂಬುಗಳಲ್ಲ, ಮೆತ್ತನೆಯ ಎಳೆಗಳು. ಸುಮಾರು ಎರಡು ವಾರ ಅದಕ್ಕೆ ತಿನ್ನುವುದೇ ಕಸುಬು. ಈ ಅವಧಿಯಲ್ಲಿ ನಾಲ್ಕು ಬಾರಿ ಹಾವಿನಂತೆ ಪೊರೆ ಬಿಡುತ್ತದೆ. ಹಳೆಯ ಚರ್ಮ ಬಿಗಿಯಾದಾಗ ಒಂದಿಷ್ಟು ಹೊತ್ತು ಊಟ ಬಿಟ್ಟು ಸುಮ್ಮನಿದ್ದು, ಅದನ್ನು ಕಳಚಿ, ಮತ್ತೆ ಊಟಕ್ಕೆ ತೊಡಗುತ್ತದೆ. ನಮ್ಮ ಬೀದಿಯ ಖಾಲಿ ನಿವೇಶನದ ಎಕ್ಕದಲ್ಲಿ ಇಂಥ ಒಂದನ್ನು ಹತ್ತು ದಿನ ನೋಡಿದ್ದೇನೆ. ಹನ್ನೊಂದನೆಯ ದಿನ ಯಾರೋ ಗಣ್ಯರು ಬರುವರೆಂದು ಸ್ವಚ್ಛತೆಯ ಕೆಲಸದವರು ಗಿಡಗಳನ್ನೆಲ್ಲ ಬುಡಸಹಿತ ಕಿತ್ತು ರಾಶಿ ಹಾಕಿದರು. ರಾಶಿಯಿಂದ ಎರಡು ಹುಳುಗಳು ಡಾಂಬರಿನ ಮೇಲೆ ಹರಿದು ಹೋಗುತ್ತಿದ್ದವು. ಆ ಬೀದಿಯಲ್ಲಿ ಅವುಗಳಿಗೆ ಬೇರೊಂದು ಎಕ್ಕವಿರಲಿಲ್ಲ. ಗಣ್ಯರು ಬೇರೆ ದಾರಿಯಲ್ಲಿ ಹೋದರೆಂದು ಆಮೇಲೆ ತಿಳಿಯಿತು.

ಬೆಳೆದ ಹುಳು ಎಲೆಯ ಅಡಿಯನ್ನೋ ಪಕ್ಕದ ಕಡ್ಡಿಯನ್ನೋ ಹುಡುಕಿ, ಅಲ್ಲಿ ಒಂದಿಷ್ಟು ರೇಷ್ಮೆ ನೇಯ್ದು, ಬಾಲದಿಂದ ಅದಕ್ಕೆ ಸಿಕ್ಕಿಕೊಂಡು ತಲೆಕೆಳಗಾಗಿ ತೂಗುತ್ತದೆ. ಮಾರನೆಯ ದಿನ ಕೊನೆಯ ಪೊರೆ ಬಿರಿದು ಕೋಶ ಕಾಣಿಸಿಕೊಳ್ಳುತ್ತದೆ. ಹಸಿರೆಲೆಯಲ್ಲಿ ತೂಗಿದರೆ ಕೋಶ ಸಾಮಾನ್ಯವಾಗಿ ಹಸಿರು, ಒಣಕಡ್ಡಿಯಲ್ಲೋ ಗೋಡೆಯಲ್ಲೋ ತೂಗಿದರೆ ಬಹುಮಟ್ಟಿಗೆ ನಸುಗೆಂಪು. ಮೇಲೆ ಅಕ್ಕಸಾಲಿಗರು ಒತ್ತಿದಂತೆ ಹೊನ್ನಿನ ಚುಕ್ಕೆಗಳು. ಈ ಹೊನ್ನು ಬರಿಯ ಬೆಳಕಿನ ಆಟ, ಕೋಶದ ಸಿಪ್ಪೆಯ ಪದರಗಳಿಂದ ಬೆಳಕು ಹೊರಳಿ ಹುಟ್ಟುವ ಮಿರುಗು. ಒಂದು ವಾರದಿಂದ ಹತ್ತು ದಿನ, ಚಳಿಯಲ್ಲಿ ಇನ್ನೂ ಕೆಲವು ದಿನ ಹೆಚ್ಚು, ಕೋಶ ಹಾಗೆಯೇ ಇರುತ್ತದೆ. ಕೊನೆಗೆ ಸಿಪ್ಪೆ ತೆಳುವಾಗಿ, ಒಳಗೆ ಮಡಿಸಿಟ್ಟ ಕಿತ್ತಳೆಯ ರೆಕ್ಕೆ ಗಾಜಿನಾಚೆಯ ವಸ್ತುವಿನಂತೆ ತೋರುತ್ತದೆ. ಮುಂಜಾನೆ ಚಿಟ್ಟೆ ಹೊರಬಂದು, ಒದ್ದೆಮುದ್ದೆಯಾದ ರೆಕ್ಕೆಗಳನ್ನು ಇಳಿಬಿಟ್ಟು, ಮೈಯ ರಸವನ್ನು ಅವುಗಳ ನರಗಳಿಗೆ ಹರಿಸಿ ಬಿಚ್ಚಿಕೊಳ್ಳುತ್ತದೆ. ಬಿಸಿಲೇರುವ ಹೊತ್ತಿಗೆ ಅದು ಹಾರಲು ಸಿದ್ಧ. ಮೊಟ್ಟೆಯಿಂದ ಇಲ್ಲಿಯವರೆಗೆ ಒಟ್ಟು ಮೂರು ನಾಲ್ಕು ವಾರ. ಹೀಗಾಗಿ ವರ್ಷವೊಂದರಲ್ಲಿ ಎಷ್ಟೋ ತಲೆಮಾರು ಕಳೆದುಹೋಗುತ್ತವೆ.

ಎಲ್ಲ ಹುಳುಗಳೂ ಚಿಟ್ಟೆಯಾಗುತ್ತವೆಂದು ತಿಳಿಯಬಾರದು. ಕೆಲವು ಜಾತಿಯ ನೊಣಗಳೂ ಸಣ್ಣ ಕಣಜಗಳೂ ಜೀವಂತ ಹುಳುವನ್ನೇ ತಮ್ಮ ಮರಿಗಳ ಉಗ್ರಾಣ ಮಾಡಿಕೊಳ್ಳುತ್ತವೆ. ಹೊರಗಿನಿಂದ ನೋಡಲು ಆರೋಗ್ಯವಾಗಿರುವ ಹುಳುವನ್ನು ಒಳಗಿನಿಂದ ಅವು ತಿಂದು ಮುಗಿಸಿರುತ್ತವೆ.

ಹಕ್ಕಿಗಳ ಮಾತು ಬೇರೆ. ಎಕ್ಕದ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷಗಳಿವೆ. ಹುಳು ಅವುಗಳಲ್ಲಿ ಒಂದಂಶವನ್ನು ಮೈಯಲ್ಲಿ ಕೂಡಿಟ್ಟು ಚಿಟ್ಟೆಗೂ ದಾಟಿಸುತ್ತದೆ. ಎಲ್ಲ ಚಿಟ್ಟೆಗಳಲ್ಲಿಯೂ ವಿಷ ಒಂದೇ ಪ್ರಮಾಣದಲ್ಲಿರುವುದಿಲ್ಲ. ತಿಂದ ಗಿಡವನ್ನು ಅನುಸರಿಸಿ ಹೆಚ್ಚು ಕಡಿಮೆಯಾಗುತ್ತದೆ. ಆದರೂ ಒಮ್ಮೆ ಕಹಿಯುಂಡ ಹಕ್ಕಿಗೆ ಆ ಬಣ್ಣ ನೆನಪಿರುತ್ತದೆ. ಅದಕ್ಕೇ ಈ ಚಿಟ್ಟೆಯ ಹಾರಾಟದಲ್ಲಿ ಅವಸರವಿಲ್ಲ. ನೆಲದಿಂದ ಒಂದೆರಡು ಮಾರು ಎತ್ತರದಲ್ಲಿ, ಸಂತೆಗೆ ಹೊರಟ ಗೌಡರಂತೆ ನಿಧಾನವಾಗಿ ಹೋಗುತ್ತದೆ. ಗಂಡಿಗೆ ಇನ್ನೂ ಒಂದು ಬಗೆಯ ರಸ ಬೇಕು. ಚೇಳುಕೊಂಡಿಯ ಗಿಡ, ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಸೆಣಬಿನ ಜಾತಿಯ ಗಿಡಗಳು, ಇವುಗಳ ಒಣಗಿದ ಭಾಗದಿಂದ ರಸ ಹೀರಿ, ಅದರಿಂದ ಹೆಣ್ಣನ್ನು ಒಲಿಸುವ ಪರಿಮಳವನ್ನು ತಯಾರಿಸಿಕೊಳ್ಳುತ್ತದೆ. ಗಂಡಿನ ಹಿಂದಿನ ರೆಕ್ಕೆಯಲ್ಲಿ ಹೆಣ್ಣಿಗಿಲ್ಲದ ಒಂದು ಹೆಚ್ಚಿನ ಕಪ್ಪು ಚುಕ್ಕೆ ಕಾಣುತ್ತದೆ. ಅದೊಂದು ಸಣ್ಣ ಚೀಲ, ಆ ಪರಿಮಳದ ವ್ಯವಹಾರಕ್ಕೆ ಸೇರಿದ್ದು.

ಹೆಸರಿದ್ದ ಕಡೆ ನಕಲಿ ಹುಟ್ಟುವುದು ಸಹಜ. ಡನಾಯಿಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯಿದೆ. ಅದರ ಮರಿಹುಳು ತಿನ್ನುವುದು ನಾವೂ ಸಾರು ಮಾಡಿ ಉಣ್ಣುವ ಗೋಣಿಸೊಪ್ಪನ್ನು. ಮೈಯಲ್ಲಿ ವಿಷದ ಸುಳಿವಿಲ್ಲ. ಆದರೆ ಅದರ ಹೆಣ್ಣು ಎಕ್ಕದ ಚಿಟ್ಟೆಯನ್ನು ಬಣ್ಣಕ್ಕೆ ಬಣ್ಣ, ಪಟ್ಟಿಗೆ ಪಟ್ಟಿ ಹೋಲುತ್ತದೆ, ಹಾರಾಟದ ಗತ್ತನ್ನೂ ಕಲಿತಂತಿದೆ. ಗಂಡಿಗೆ ಈ ವೇಷವಿಲ್ಲ. ಅದು ಕಪ್ಪು ರೆಕ್ಕೆಯಲ್ಲಿ ನೀಲಿ ಅಂಚಿನ ಬಿಳಿಯ ಬೊಟ್ಟುಗಳನ್ನು ಇಟ್ಟುಕೊಂಡ ಬೇರೆಯೇ ಚೆಲುವ. ಚಿಟ್ಟೆಗಳ ಇಂಥ ವೇಷಗಾರಿಕೆಯ ಗುಟ್ಟನ್ನು ಬೇಟ್ಸ್ ಎಂಬ ಇಂಗ್ಲಿಷ್ ವಿದ್ವಾಂಸ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ವಿವರಿಸಿದ. ಇದಕ್ಕೆ ಸೇರಿದ ಒಂದು ವಿನೋದವನ್ನು ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ನಕಲಿಗೆ ಜಾಗ ದೊರೆಯಿತು, ಅಸಲಿಗೆ ದೊರೆಯಲಿಲ್ಲ. ಅಸಲಿ ಎಲ್ಲೆಲ್ಲೂ ಇದ್ದುದೇ ಅದಕ್ಕೆ ಕಾರಣ.

ಎಲ್ಲೆಲ್ಲೂ ಇರುವುದನ್ನು ಲೆಕ್ಕಕ್ಕೆ ಹಿಡಿಯದಿರುವುದು ಇಂದಿನ ರೂಢಿ. ಹಿಂದಿನವರೆಲ್ಲರೂ ಹಾಗಿರಲಿಲ್ಲ. ಈಜಿಪ್ಟಿನ ಥೀಬ್ಸ್ ನಗರದಲ್ಲಿ ನೆಬಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಸುಮಾರು 3,400 ವರ್ಷಗಳ ಹಿಂದೆ ಬರೆದ ಒಂದು ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಜೊಂಡಿನ ನಡುವೆ ಹಕ್ಕಿಬೇಟೆಯ ಆ ಚಿತ್ರದಲ್ಲಿ ನಮ್ಮ ಎಕ್ಕದ ಚಿಟ್ಟೆ ಹಾರುತ್ತಿದೆ. ಬಿಳಿಯ ಪಟ್ಟಿಯನ್ನೂ ಅಂಚಿನ ಕಪ್ಪನ್ನೂ ಕಲಾವಿದ ಬಿಟ್ಟಿಲ್ಲ. ಆಫ್ರಿಕದಿಂದ ಏಷ್ಯದ ಉದ್ದಕ್ಕೂ ಇದು ಹಾರುತ್ತದೆ. ಅಜ್ಜಂಪುರದ ರೈಲುನಿಲ್ದಾಣದ ಎದುರಿನ ಪೊದೆಯದೂ ನೈಲ್ ನದಿಯ ದಡದ್ದೂ ಒಂದೇ ಕುಲ.

ಇಷ್ಟು ಹೇಳಿದ ಮೇಲೆ, ಕಾವಲಿನಲ್ಲಿ ಈ ಚಿಟ್ಟೆ ಧಾರಾಳವಾಗಿ ಕಂಡರೆ ಕಾವಲು ಸುಖವಾಗಿದೆ ಎಂದು ಕೇಳುಗರು ತಿಳಿಯಬಹುದು. ಸಂಗತಿ ಹಾಗಿಲ್ಲ. ದನ ಎಕ್ಕವನ್ನು ಮುಟ್ಟುವುದಿಲ್ಲ, ಕುರಿ ಮೇಕೆಗಳೂ ಸಾಮಾನ್ಯವಾಗಿ ಬಾಯಿಡುವುದಿಲ್ಲ. ಮೇವು ಅತಿಯಾದ ನೆಲದಲ್ಲಿ ಗರಿಕೆ ಸವೆದು, ಒಳ್ಳೆಯ ಹುಲ್ಲು ಬೀಜ ಕಟ್ಟುವ ಮೊದಲೇ ತಿಂದುಹೋಗಿ, ಉಳಿಯುವುದು ಯಾರೂ ತಿನ್ನದ ಎಕ್ಕ, ತಂಗಡಿಗಳು. ಒಂದು ಕಾವಲಿನಲ್ಲಿ ವರ್ಷದಿಂದ ವರ್ಷಕ್ಕೆ ಎಕ್ಕ ಹೆಚ್ಚುತ್ತಿದ್ದರೆ, ಅದರೊಡನೆ ಎಕ್ಕದ ಚಿಟ್ಟೆಯೂ ಹೆಚ್ಚುತ್ತದೆ. ಆದರೆ ಹುಲ್ಲು ಹಿಂದೆ ಸರಿಯುತ್ತಿದೆಯೆಂದು ಅದರ ಅರ್ಥ. ಆಗ ಮುದುಕಿಯರ ಶಾಪ ಮನೆಗಲ್ಲ, ಹುಲ್ಲುಗಾವಲಿಗೇ ತಟ್ಟಿದಂತಾಯಿತು. ಚಿಟ್ಟೆಯ ತಪ್ಪು ಇದರಲ್ಲಿ ಏನೂ ಇಲ್ಲ, ಅದು ಬರಿಯ ಸಾಕ್ಷಿ.

ಹುಲ್ಲನ್ನೇ ನಂಬಿದ ಚಿಟ್ಟೆಗಳು ಬೇರೆ ಇವೆ. ಸಂಜೆಯ ಮಬ್ಬಿನಲ್ಲಿ ಒಣಗಿದ ಎಲೆಯಂತೆ ಹಾರುವ ಕಂದುಬಣ್ಣದ ಚಿಟ್ಟೆಗಳ ಹುಳುಗಳಿಗೆ ಹುಲ್ಲೇ ಆಹಾರ. ಮುಳ್ಳುಗೋರಂಟೆಯ ಎಲೆ ತಿಂದು ಬೆಳೆದು, ಬೋಳು ನೆಲದಲ್ಲಿ ಬಿಸಿಲು ಕಾಯುವ ಹಳದಿಯ ಚಿಟ್ಟೆ ಒಂದುಂಟು. ನೆಲಕ್ಕೆ ಒತ್ತಿ ಬೆಳೆಯುವ ಸಣ್ಣಸಣ್ಣ ಗಿಡಗಳಲ್ಲಿ ಬದುಕುವ ‘ಗ್ರಾಸ್ ಜ್ಯೂವೆಲ್’ ನಮ್ಮ ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದು, ಹೆಬ್ಬೆರಳಿನ ಉಗುರಿನಷ್ಟು. ಅದರ ಹುಳುವನ್ನು ಇರುವೆಗಳು ದನ ಕಾಯುವಂತೆ ಕಾಯುತ್ತವೆ. ಎಕ್ಕದ ಚಿಟ್ಟೆ ಎಲ್ಲಿಯಾದರೂ ಬದುಕೀತು, ತಿಪ್ಪೆಯ ಪಕ್ಕದಲ್ಲಿಯೂ ಬದುಕೀತು. ಈ ಸಣ್ಣವು ಅಷ್ಟು ಗಟ್ಟಿಗವಲ್ಲ. ನೆಲವನ್ನು ಒಮ್ಮೆ ಉತ್ತರೆ ಅವುಗಳ ಊರು ಮುಗಿಯಿತು.

ಅರಸರ ಕಾಲದ ವ್ಯವಸ್ಥೆಯಲ್ಲಿ ಇದರ ತಿಳಿವಳಿಕೆ ಇತ್ತೆಂದೇ ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಇಲಾಖೆಗೆ ಟಿಪ್ಪು ಸುಲ್ತಾನ ‘ಅಮೃತಮಹಲ್’ ಎಂದು ಹೆಸರಿಟ್ಟ. ಅದರ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ದನದ ಹಿಂಡು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಬೆಳೆದು, ಹೂ ಬಿಟ್ಟು, ಬೀಜ ಉದುರಿಸಲು ತಿಂಗಳುಗಟ್ಟಲೆ ಬಿಡುವು ಸಿಗುತ್ತಿತ್ತು. ಚಿಟ್ಟೆಗೆಂದು ಯಾರೂ ಈ ಏರ್ಪಾಡು ಮಾಡಲಿಲ್ಲ. ತೋಪು ಎಳೆಯುವ ಎತ್ತಿಗೆಂದು ಮಾಡಿದರು. ಆದರೆ ಎತ್ತಿಗೆ ಮಾಡಿದ ಉಪಕಾರ ಹುಲ್ಲಿನಲ್ಲಿರುವ ಎಲ್ಲಕ್ಕೂ ಮುಟ್ಟಿತು.

ಲಕ್ಷಗಟ್ಟಲೆ ಎಕರೆಯಿದ್ದ ಕಾವಲುಗಳು ಇಂದು ಚೂರುಚೂರಾಗಿವೆ. ಒಂದಷ್ಟು ಸಾಗುವಳಿಗೆ, ಒಂದಷ್ಟು ನಿವೇಶನಗಳಿಗೆ, ಒಂದಷ್ಟು ದೊಡ್ಡ ಯೋಜನೆಗಳಿಗೆ ಹೋಯಿತು. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2007ರಿಂದ 2010ರ ನಡುವೆ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಪಾಲಾಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಜಾಗ ಹುಡುಕಿದವರ ಕಣ್ಣಿಗೆ ಆ ನೆಲ ಖಾಲಿ ಎಂದು ಕಂಡದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ. ಕಂದಾಯದವರ ಭಾಷೆಯಲ್ಲಿ ಒಂದು ಪದವಿದೆ, ಖರಾಬು. ಕಂದಾಯ ಬಾರದ ನೆಲ ಖರಾಬು. ಪದ ಲೆಕ್ಕದ ಪುಸ್ತಕದಲ್ಲಿ ಇರುವವರೆಗೆ ಅಡ್ಡಿಯಿಲ್ಲ. ಅದು ನಮ್ಮ ಕಣ್ಣಿಗೆ ಬಂದು ಕುಳಿತಾಗ ಕಾಯ್ದಿಟ್ಟ ಕಾವಲೂ ಕೆಟ್ಟ ನೆಲವಾಗಿ ತೋರತೊಡಗುತ್ತದೆ.

ಕೆಟ್ಟವರಿಂದ ಮಾತ್ರ ಕಾವಲು ಹಾಳಾಗುತ್ತದೆಂದಲ್ಲ, ಒಳ್ಳೆಯ ಮನಸ್ಸಿನವರಿಂದಲೂ ಆಗುತ್ತದೆ. 1950ರಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ಮರ ನೆಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಊರಿನೊಳಗೆ, ರಸ್ತೆಯ ಬದಿಗೆ, ಕಡಿದ ಕಾಡಿನಲ್ಲಿ ಅದು ನಿಜವಾಗಿಯೂ ಪುಣ್ಯ. ಹುಲ್ಲುಗಾವಲಿನಲ್ಲಿ ಅಗಳು ತೋಡಿ ನೀಲಗಿರಿಯನ್ನೋ ಅಕೇಶಿಯವನ್ನೋ ನಿಲ್ಲಿಸಿದರೆ ಬಿಸಿಲನ್ನೇ ಬೇಡುವ ಹುಲ್ಲು ನೆರಳಿನಲ್ಲಿ ಸಾಯುತ್ತದೆ. ತಾನಾಗಿ ನುಗ್ಗುವ ಬಳ್ಳಾರಿ ಜಾಲಿ ಉಳಿದ ಕೆಲಸವನ್ನು ಪೂರೈಸುತ್ತದೆ. ಮರವಿಲ್ಲದ ನೆಲವೆಲ್ಲ ಮರ ಕಳೆದುಕೊಂಡ ನೆಲವಲ್ಲ. ಕೃಷ್ಣಮೃಗ ಓಡಲು ಬಯಲು ಬೇಕು. ಮರದ ಸಾಲುಗಳ ನಡುವೆ ಅದು ಎಲ್ಲಿ ಓಡೀತು? ಈ ಅರಿವಿಗೆ ಸರ್ಕಾರದಲ್ಲಿಯೂ ಒಮ್ಮೆ ಮನ್ನಣೆ ಸಿಕ್ಕಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ವಿಸ್ತೀರ್ಣ 7 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ದೊಡ್ಡದೇನಲ್ಲ. ಆದರೆ ಹುಲ್ಲನ್ನು ಹುಲ್ಲಾಗಿಯೇ ಇರಗೊಡುವುದೂ ಸಂರಕ್ಷಣೆ ಎಂದು ಕಾಗದದ ಮೇಲೆ ಒಪ್ಪಿದ್ದು ನನ್ನ ಎಣಿಕೆಯಲ್ಲಿ ದೊಡ್ಡದೇ. ತರೀಕೆರೆಯ ಏರಿಯ ಮೇಲೆ ಕುರಿಮರಿ ಮೇಯಿಸುವ ನಾಲಗೆಹೊರಳಿನ ಆಟ ಕನ್ನಡದ ಮಕ್ಕಳಿಗೆಲ್ಲ ಬರುತ್ತದೆ. ಆ ಮರಿಗಳಿಗೆ ಮೇಯಲು ಏರಿಯೊಂದೇ ಉಳಿಯದಿರಲು ಇಂಥ ಕಾವಲುಗಳು ಬೇಕು.

ನೋಡಬಯಸುವವರಿಗೆ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಮಳೆ ನಿಂತ ಮೇಲೆ, ಆಶ್ವಯುಜದಿಂದ ಪುಷ್ಯದವರೆಗೆ, ಬೆಳಗಿನ ಒಂಬತ್ತರಿಂದ ಹನ್ನೊಂದರ ಹೊತ್ತು ಒಳ್ಳೆಯದು. ದೂರ ಹೋಗಬೇಕಾಗಿಲ್ಲ, ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರೈಲಿನ ಕಿಟಕಿಯಿಂದಲೂ ಹಾರುವುದು ಕಾಣುತ್ತದೆ. ಹುಳುವನ್ನೂ ಮೊಟ್ಟೆಯನ್ನೂ ಕಾಣಲು ಮಾತ್ರ ಇಳಿಯಬೇಕು. ನುಗ್ಗುಮೇವು ಇಲ್ಲದ ಒಂದು ತುಂಡು ನೆಲ ಸಿಕ್ಕರೆ ಅಲ್ಲಿ ಎಕ್ಕಕ್ಕಿಂತ ಹುಲ್ಲು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದನ್ನೂ ಗಮನಿಸಿ. ಇನ್ನು ಮಾಘಮಾಸದಲ್ಲಿ ರಥಸಪ್ತಮಿ ಬರುತ್ತದೆ. ಸ್ನಾನಕ್ಕೆ ಏಳು ಎಕ್ಕದ ಎಲೆ ತರಲು ಮನೆಯಿಂದ ಯಾರನ್ನಾದರೂ ಕಳುಹಿಸುತ್ತೀರಿ. ಕೀಳುವ ಮುನ್ನ ಎಲೆಯನ್ನು ತಿರುವಿ ನೋಡಲು ಹೇಳಿ. ಬೆಳ್ಳಿಯ ಚುಕ್ಕೆಯೊಂದು ಅಂಟಿಕೊಂಡಿದ್ದರೆ ಆ ಎಲೆಯನ್ನು ಗಿಡದಲ್ಲಿಯೇ ಬಿಟ್ಟು ಪಕ್ಕದ್ದನ್ನು ಕಿತ್ತುಕೊಂಡು ಬರಲಿ.